ಆಲಿಸುವ ಕಿವಿ

ದೂರವಾಣಿಯನ್ನು ಕಂಡುಹಿಡಿದವನು ಯಾರು ಎಂದು ಕೇಳಿದರೆ ಶಾಲೆಯ ಚಿಕ್ಕ ಮಗುವೂ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಹೆಸರನ್ನು ಹೇಳುತ್ತದೆ. ಒಂದು ಹೆಸರಿಗೆ ಒಂದು ಯಂತ್ರವನ್ನು ಜೋಡಿಸಿ ನೆನಪಿಟ್ಟುಕೊಳ್ಳುವುದು ಪರೀಕ್ಷೆಗೆ ಅನುಕೂಲವೇ ಸರಿ. ಆದರೆ ಒಬ್ಬ ಮನುಷ್ಯನನ್ನು ಅರಿಯುವುದಕ್ಕೆ ಅಷ್ಟು ಸಾಲದು. ದೂರವಾಣಿ ಮೊದಲ ಮಾತನಾಡಿದಾಗ ಬೆಲ್ಲನಿಗೆ ಇಪ್ಪತ್ತೊಂಬತ್ತು ವರ್ಷ. ಆಮೇಲೆ ಅವನು ಇನ್ನೂ ನಲವತ್ತಾರು ವರ್ಷ ಬದುಕಿದನು. ಬೆಳಕಿನ ಕಿರಣದ ಮೇಲೆ ಮಾತನ್ನು ಕಳುಹಿಸಿದನು. ಮನುಷ್ಯನನ್ನು ಹೊತ್ತು ಮೇಲೇರುವ ಗಾಳಿಪಟವನ್ನು ಕಟ್ಟಿದನು. ವಿಮಾನ ನಿರ್ಮಾಣದಲ್ಲಿ ತೊಡಗಿದನು. ಇಷ್ಟೆಲ್ಲ ಮಾಡಿಯೂ ತನ್ನನ್ನು ಕಿವುಡರ ಶಿಕ್ಷಕನೆಂದೇ ಕರೆದುಕೊಂಡನು. ಅವನ ಬಾಳನ್ನು ಇಡಿಯಾಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲಿ ಅವನು ಕಿವಿಗೊಟ್ಟು ಆಲಿಸಿದನೋ ಅಲ್ಲಿ ಲೋಕಕ್ಕೆ ದೊಡ್ಡ ಉಪಕಾರವಾಯಿತು; ಎಲ್ಲಿ ಆಲಿಸದೆ ತನ್ನ ಅಭಿಪ್ರಾಯಕ್ಕೇ ಅಂಟಿಕೊಂಡನೋ ಅಲ್ಲಿ ಅನೇಕರಿಗೆ ನೋವಾಯಿತು. ಈ ಎರಡನ್ನೂ ಅರಿತಾಗಲೇ ಅವನ ಜೀವನದಿಂದ ನಿಜವಾದ ಪಾಠ ದೊರೆಯುತ್ತದೆ.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಮಾತು ಆ ಮನೆತನದ ವೃತ್ತಿಯಾಗಿತ್ತು. ಅಜ್ಜನೂ ತಂದೆಯೂ ಜನರಿಗೆ ಸ್ಪಷ್ಟವಾಗಿ ಮಾತನಾಡುವುದನ್ನು ಕಲಿಸುವವರು. ನಾಲಿಗೆ, ತುಟಿ, ಗಂಟಲು ಯಾವ ಧ್ವನಿಗೆ ಯಾವ ಸ್ಥಾನದಲ್ಲಿರಬೇಕು ಎಂಬುದನ್ನು ತೋರಿಸುವ ಒಂದು ಲಿಪಿಯನ್ನೇ ತಂದೆ ರೂಪಿಸಿದ್ದನು. ತಾಯಿ ಎಲೈಜಾ ಚಿತ್ರ ಬರೆಯುತ್ತಿದ್ದಳು, ಪಿಯಾನೋ ನುಡಿಸುತ್ತಿದ್ದಳು. ಆದರೆ ಆಕೆಯ ಕಿವಿ ಮಂದವಾಗುತ್ತ ಬಂದಿತು. ಇತರರು ಆಕೆಯೊಡನೆ ಮಾತನಾಡಬೇಕಾದರೆ ಕಿವಿಗೆ ಕೊಳವೆಯಿಟ್ಟು ಕೂಗಬೇಕಾಗಿತ್ತು. ಮಗನು ಬೇರೊಂದು ದಾರಿಯನ್ನು ಕಂಡುಕೊಂಡನು. ತಾಯಿಯ ಹಣೆಯ ಬಳಿ ಬಾಯಿಯಿಟ್ಟು, ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದನು. ಧ್ವನಿಯ ಕಂಪನ ಆಕೆಗೆ ತಲುಪುತ್ತಿತ್ತು. ಬೆರಳುಗಳಿಂದ ಅಕ್ಷರಗಳನ್ನು ಸೂಚಿಸುವ ಕ್ರಮವನ್ನೂ ಕಲಿತು, ಮನೆಯಲ್ಲಿ ನಡೆಯುವ ಸಂಭಾಷಣೆಯನ್ನು ಆಕೆಗೆ ತಿಳಿಸುತ್ತಿದ್ದನು. ಧ್ವನಿಯೆಂಬುದು ಕಿವಿಗೆ ಮಾತ್ರ ಸೇರಿದ್ದಲ್ಲ, ಅದು ಮೈಗೆ ತಾಗುವ ಚಲನೆ ಎಂಬ ಅರಿವು ಅವನಿಗೆ ಮೂಡಿದ್ದು ಪ್ರಯೋಗಾಲಯದಲ್ಲಲ್ಲ, ತಾಯಿಯ ಪಕ್ಕದಲ್ಲಿ.

ಬೆಲ್ಲನ ಇಬ್ಬರು ಸಹೋದರರು ಕ್ಷಯರೋಗಕ್ಕೆ ಬಲಿಯಾದರು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆತಾಯಿಗಳು 1870ರಲ್ಲಿ ಕೆನಡಾ ದೇಶಕ್ಕೆ ವಲಸೆ ಹೋದರು. ಮರುವರ್ಷ ಬೆಲ್ ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿ ಕಿವುಡ ಮಕ್ಕಳ ಶಾಲೆಯಲ್ಲಿ ಶಿಕ್ಷಕನಾದನು. ಹಗಲು ಪಾಠ, ರಾತ್ರಿ ಪ್ರಯೋಗ ಎಂಬಂತೆ ಅವನ ದಿನಚರಿ ನಡೆಯಿತು. ಅವನ ಶಿಷ್ಯೆಯರಲ್ಲಿ ಒಬ್ಬಳಾದ ಮೇಬಲ್ ಹಬರ್ಡ್ ಐದನೆಯ ವಯಸ್ಸಿನಲ್ಲಿ ಜ್ವರಕ್ಕೆ ತುತ್ತಾಗಿ ಶ್ರವಣಶಕ್ತಿಯನ್ನು ಕಳೆದುಕೊಂಡವಳು. ಮುಂದೆ 1877ರಲ್ಲಿ ಅವಳೇ ಅವನ ಮಡದಿಯಾದಳು.

ಕಿವುಡ ಮಕ್ಕಳಿಗೆ ಧ್ವನಿಯ ಆಕಾರವನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕೆಂಬುದು ಬೆಲ್ಲನ ಆಸೆ. ಇದಕ್ಕಾಗಿ 1874ರಲ್ಲಿ ಅವನು ಒಂದು ವಿಚಿತ್ರ ಪ್ರಯೋಗ ಮಾಡಿದನು. ವೈದ್ಯ ಮಿತ್ರನೊಬ್ಬನಿಂದ ಮೃತ ಮನುಷ್ಯನ ಕಿವಿಯ ಭಾಗವನ್ನು ಪಡೆದು, ಅದರೊಳಗಿನ ಪುಟ್ಟ ಎಲುಬಿಗೆ ಒಂದು ಹುಲ್ಲುಕಡ್ಡಿಯನ್ನು ಅಂಟಿಸಿದನು. ಕಿವಿಯೊಳಕ್ಕೆ ಮಾತನಾಡಿದಾಗ ತಮಟೆಯ ಚರ್ಮದಂತಹ ಕಿವಿದೆರೆ ಅಲುಗಿತು, ಎಲುಬು ಅಲುಗಿತು, ಕಡ್ಡಿಯ ತುದಿ ಮಸಿ ಹಿಡಿಸಿದ ಗಾಜಿನ ಮೇಲೆ ಅಲೆಯಲೆಯಾದ ಗೆರೆಯನ್ನು ಬರೆಯಿತು. ಅದನ್ನು ನೋಡುತ್ತಿದ್ದಾಗ ಬೆಲ್ಲನಿಗೆ ಒಂದು ಯೋಚನೆ ಹೊಳೆಯಿತು. ಕಾಗದದಷ್ಟು ತೆಳುವಾದ ಪೊರೆ ತನಗಿಂತ ಭಾರವಾದ ಎಲುಬನ್ನು ಅಲುಗಿಸಬಲ್ಲುದಾದರೆ, ಅಂತಹ ಇನ್ನೊಂದು ಪೊರೆ ಕಬ್ಬಿಣದ ತುಂಡನ್ನು ಏಕೆ ಅಲುಗಿಸಬಾರದು? ಕಿವುಡ ಮಕ್ಕಳಿಗಾಗಿ ಹೊರಟ ಪ್ರಯೋಗ ದೂರವಾಣಿಯ ಬಾಗಿಲನ್ನು ತೆರೆದದ್ದು ಹೀಗೆ.

ಆ ಕಾಲದಲ್ಲಿ ತಂತಿವಾರ್ತೆ ಪ್ರಚಾರದಲ್ಲಿತ್ತು. ಅದರಲ್ಲಿ ವಿದ್ಯುತ್ತು ಹರಿಯುತ್ತದೆ, ನಿಲ್ಲುತ್ತದೆ. ಮತ್ತೆ ಹರಿಯುತ್ತದೆ, ಮತ್ತೆ ನಿಲ್ಲುತ್ತದೆ. ಅಂತಹ ತುಂಡು ತುಂಡಾದ ಪ್ರವಾಹ ಮಾತನ್ನು ಹೊರಲಾರದು. ಮಾತಿನಲ್ಲಿ ಗಾಳಿ ಹೇಗೆ ಏರಿಳಿಯುತ್ತದೋ ತಂತಿಯಲ್ಲಿ ವಿದ್ಯುತ್ತೂ ಹಾಗೆಯೇ ಏರಿಳಿಯಬೇಕು. ಇದು ಬೆಲ್ಲನ ತಿಳಿವಳಿಕೆಯ ತಿರುಳು. 1875ರ ಜೂನ್ 2ರಂದು, ಅವನ ಸಹಾಯಕ ಥಾಮಸ್ ವಾಟ್ಸನ್ ಪಕ್ಕದ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಲೋಹದ ಪಟ್ಟಿಯನ್ನು ಮೀಟಿ ಬಿಡಿಸಲು ಯತ್ನಿಸಿದನು. ತಂತಿಯ ಇನ್ನೊಂದು ತುದಿಯಲ್ಲಿದ್ದ ಬೆಲ್ಲನಿಗೆ ಕ್ಷೀಣವಾದ ನಾದ ಕೇಳಿಸಿತು. ಬೇರೆ ಯಾರಾದರೂ ಅದನ್ನು ಯಂತ್ರದ ದೋಷವೆಂದು ತಳ್ಳಿಹಾಕುತ್ತಿದ್ದರೇನೋ! ಪಳಗಿದ ಕಿವಿಯುಳ್ಳ ಬೆಲ್ ಅದರಲ್ಲಿ ತನ್ನ ಪ್ರಶ್ನೆಗೆ ಉತ್ತರವನ್ನು ಕೇಳಿದನು. 1876ರ ಮಾರ್ಚ್ 7ರಂದು ಅವನಿಗೆ ಪೇಟೆಂಟ್ ಹಕ್ಕು ದೊರೆಯಿತು. ಮೂರು ದಿನಗಳ ಬಳಿಕ, ಮಾರ್ಚ್ 10ರಂದು, ಬೆಲ್ ತನ್ನ ಬಳಿಗೆ ಬರುವಂತೆ ವಾಟ್ಸನ್ನನನ್ನು ಯಂತ್ರದಲ್ಲಿ ಕರೆದನು. ವಾಟ್ಸನ್ ಆ ಮಾತನ್ನು ತಂತಿಯ ಮೂಲಕವೇ ಕೇಳಿ ಓಡಿಬಂದನು.

ಈ ಕೀರ್ತಿ ಬೆಲ್ಲನೊಬ್ಬನದೇ ಎಂದು ಹೇಳುವುದು ನ್ಯಾಯವಾಗದು. ಇಟಲಿಯಿಂದ ಬಂದ ಬಡ ಸಂಶೋಧಕ ಆಂಟೋನಿಯೊ ಮೆಯುಚ್ಚಿ 1871ರಲ್ಲೇ ಇಂತಹ ಒಂದು ಉಪಕರಣದ ಬಗ್ಗೆ ಪೇಟೆಂಟ್ ಕಚೇರಿಗೆ ಪೂರ್ವಸೂಚನೆ ಸಲ್ಲಿಸಿದ್ದನು. ಎಲೀಷಾ ಗ್ರೇ ಎಂಬಾತನ ಪೂರ್ವಸೂಚನೆಯೂ ಬೆಲ್ಲನ ಅರ್ಜಿಯೂ 1876ರ ಫೆಬ್ರುವರಿ 14ರಂದು, ಒಂದೇ ದಿನ, ಕಚೇರಿಯನ್ನು ತಲುಪಿದವು. ನ್ಯಾಯಾಲಯಗಳು ಬೆಲ್ಲನ ಹಕ್ಕನ್ನೇ ಎತ್ತಿಹಿಡಿದವು. 2002ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಮೆಯುಚ್ಚಿಯ ಕೆಲಸವನ್ನು ಗೌರವಿಸಿ ನಿರ್ಣಯ ಕೈಗೊಂಡಿತು. ಹಲವು ಕಡೆ ಹಲವರು ಒಂದೇ ದಿಕ್ಕಿನಲ್ಲಿ ಯೋಚಿಸುವಾಗ ಸಂಶೋಧನೆ ಮಾಗುತ್ತದೆ. ಹಣ್ಣು ಕೊನೆಗೆ ಒಬ್ಬನ ಕೈಗೆ ಬೀಳುತ್ತದೆ. ಬಿತ್ತಿದವರನ್ನೂ ನೀರೆರೆದವರನ್ನೂ ನೆನೆಯುವುದು ಓದಿದವರ ಕರ್ತವ್ಯ.

ದೂರವಾಣಿ ಭಾರತಕ್ಕೂ ಬೇಗನೆ ಬಂದಿತು. 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ನಗರಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದವು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ದೂರವಾಣಿ ಉಪಕರಣಗಳ ಕಾರ್ಖಾನೆ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ಒಂದು ಕಾಲಕ್ಕೆ ಊರಿಗೊಂದಿದ್ದರೆ ಹೆಚ್ಚೆನ್ನಿಸಿದ್ದ ಈ ಯಂತ್ರ ಇಂದು ಕಿಸೆಗಳಲ್ಲಿದೆ. ದಾವಣಗೆರೆ ಜಿಲ್ಲೆಯನ್ನೇ ನೋಡಬಹುದು. ಚನ್ನಗಿರಿಯ ಬೆಳೆಗಾರ ತೋಟದಲ್ಲಿ ನಿಂತೇ ಅಡಿಕೆಯ ಧಾರಣೆಯನ್ನು ವಿಚಾರಿಸುತ್ತಾನೆ. ಮಳೆಗಾಲದಲ್ಲಿ ಹೊನ್ನಾಳಿಯ ಜನ ತುಂಗಭದ್ರೆಯ ನೀರು ಎಷ್ಟು ಏರಿತೆಂದು ಒಬ್ಬರನ್ನೊಬ್ಬರು ಕೇಳಿ ಎಚ್ಚರಗೊಳ್ಳುತ್ತಾರೆ. ನ್ಯಾಮತಿಯ ತಾಯಿ ದೂರದ ನಗರಕ್ಕೆ ದುಡಿಯಲು ಹೋದ ಮಗನ ದನಿಯನ್ನು ಕೇಳಿ ನೆಮ್ಮದಿಯಿಂದ ಮಲಗುತ್ತಾಳೆ. ಬೆಲ್ಲನ ಹೆಸರು ತಿಳಿಯದವರ ಬಾಳಿನಲ್ಲಿಯೂ ಅವನ ಕೆಲಸ ಹೀಗೆ ಬೆರೆತುಹೋಗಿದೆ.

ಕೀರ್ತಿಯೂ ಹಣವೂ ಬಂದಾಗ ಬೆಲ್ ಅಲ್ಲಿಗೇ ನಿಲ್ಲಬಹುದಾಗಿತ್ತು, ನಿಲ್ಲಲಿಲ್ಲ. ಮದುವೆಯ ಸಮಯದಲ್ಲಿ ಕೇವಲ ಹತ್ತು ಪಾಲುಗಳನ್ನು ತನಗೆ ಇಟ್ಟುಕೊಂಡು, ಕಂಪನಿಯಲ್ಲಿದ್ದ ತನ್ನ ಉಳಿದೆಲ್ಲ ಪಾಲನ್ನೂ ಮಡದಿಗೆ ಕೊಟ್ಟುಬಿಟ್ಟಿದ್ದನು. ಫ್ರಾನ್ಸ್ ದೇಶ ನೀಡಿದ ವೋಲ್ಟಾ ಬಹುಮಾನದ ಹಣವನ್ನು ಪ್ರಯೋಗಾಲಯಕ್ಕೆ ತೊಡಗಿಸಿದನು. 1880ರಲ್ಲಿ ಟೇಂಟರ್ ಎಂಬ ಸಹೋದ್ಯೋಗಿಯೊಡನೆ ಸೂರ್ಯನ ಬೆಳಕಿನ ಕಿರಣದ ಮೇಲೆ ಮಾತನ್ನು ಇನ್ನೂರು ಮೀಟರಿಗೂ ಹೆಚ್ಚು ದೂರ ಕಳುಹಿಸಿದನು. ಮೋಡ ಕವಿದರೆ ಕೆಲಸ ಮಾಡದ ಆ ಯಂತ್ರ ಆಗ ಬಳಕೆಗೆ ಬರಲಿಲ್ಲ. ಆದರೆ ಇಂದು ಗಾಜಿನ ಎಳೆಗಳಲ್ಲಿ ಬೆಳಕು ಮಾತನ್ನು ಹೊತ್ತು ಸಾಗರಗಳನ್ನು ದಾಟುತ್ತಿದೆ. ಶ್ರವಣಶಕ್ತಿಯನ್ನು ಅಳೆಯುವ ಉಪಕರಣವನ್ನೂ ಅವನು ರಚಿಸಿದನು. ಧ್ವನಿಯ ಮಟ್ಟವನ್ನು ಅಳೆಯಲು ಬಳಸುವ ‘ಡೆಸಿಬಲ್’ ಎಂಬ ಮಾನದ ಹೆಸರಿನಲ್ಲಿ ಬೆಲ್ಲನ ಹೆಸರೇ ಅಡಗಿದೆ.

ಧ್ವನಿಯೂ ಹಾರಾಟವೂ ಮೇಲ್ನೋಟಕ್ಕೆ ದೂರದ ವಿಷಯಗಳು. ಆದರೆ ಎರಡಕ್ಕೂ ಆಧಾರ ಗಾಳಿಯೇ. ಗಾಳಿಯ ಸಣ್ಣ ನಡುಕ ಮಾತಾಗುತ್ತದೆ. ಗಾಳಿಯ ಒತ್ತಡ ರೆಕ್ಕೆಯನ್ನು ಎತ್ತುತ್ತದೆ. ಬಾಲ್ಯದಿಂದ ಗಾಳಿಯ ನಡುಕವನ್ನು ಬಲ್ಲ ಬೆಲ್ ಮಧ್ಯವಯಸ್ಸಿನಲ್ಲಿ ಅದರ ಒತ್ತಡದ ಕಡೆಗೆ ತಿರುಗಿದನು. 1896ರಲ್ಲಿ ಅವನ ಮಿತ್ರ ಲಾಂಗ್ಲಿ ನಿರ್ಮಿಸಿದ, ಉಗಿಯಂತ್ರದಿಂದ ನಡೆಯುವ ಮಾನವರಹಿತ ವಿಮಾನ ಪೊಟೋಮ್ಯಾಕ್ ನದಿಯ ಮೇಲೆ ಹಾರಿತು. ಬೆಲ್ ಅದನ್ನು ಕಣ್ಣಾರೆ ಕಂಡು ಛಾಯಾಚಿತ್ರ ತೆಗೆದನು. ಮನುಷ್ಯನೂ ಹಾರಬಲ್ಲನೆಂಬ ನಂಬಿಕೆ ಅವನಲ್ಲಿ ಬೇರೂರಿತು. ಕೆನಡಾದ ಬ್ಯಾಡೆಕ್ ಎಂಬ ಊರಿನ ಬಳಿಯ ತನ್ನ ಮನೆಯ ಬೆಟ್ಟವನ್ನೇ ಅವನು ಪ್ರಯೋಗಶಾಲೆಯಾಗಿ ಮಾಡಿಕೊಂಡನು.

ಅವನು ಆರಿಸಿಕೊಂಡ ಸಾಧನ ಗಾಳಿಪಟ. ಆಷಾಢದ ಗಾಳಿಯಲ್ಲಿ ಜಗಳೂರಿನ ಬಯಲಿನಲ್ಲಿ ಪಟ ಹಾರಿಸುವ ಹುಡುಗನಿಗೂ ಕೆಲವು ಸೂಕ್ಷ್ಮಗಳು ಗೊತ್ತು. ಸೂತ್ರ ಸರಿಯಾಗಿರದಿದ್ದರೆ ಪಟ ಮಗುಚುತ್ತದೆ. ಬಾಲಂಗೋಚಿ ಇಲ್ಲದಿದ್ದರೆ ಗಿರಕಿ ಹೊಡೆಯುತ್ತದೆ. ಪಟವನ್ನು ಸುಮ್ಮನೆ ದೊಡ್ಡದು ಮಾಡುತ್ತ ಹೋದರೆ ಮೇಲೇಳುವುದೇ ಇಲ್ಲ. ಕೊನೆಯ ಮಾತಿಗೆ ಒಂದು ಗಣಿತವಿದೆ. ಎಲ್ಲ ಅಳತೆಗಳನ್ನೂ ಇಮ್ಮಡಿ ಮಾಡಿದರೆ ಗಾಳಿಗೆ ಒಡ್ಡುವ ಮೇಲ್ಮೈ ನಾಲ್ಕರಷ್ಟಾಗುತ್ತದೆ, ಭಾರವಾದರೋ ಎಂಟರಷ್ಟಾಗುತ್ತದೆ. ಈ ತೊಡಕನ್ನು ಬಿಡಿಸಲು ಬೆಲ್ ಒಂದು ಉಪಾಯ ಹೂಡಿದನು. ನಾಲ್ಕು ತ್ರಿಕೋನ ಮುಖಗಳುಳ್ಳ ಚಿಕ್ಕ ಚಿಕ್ಕ ಚೌಕಟ್ಟುಗಳನ್ನು ಮಾಡಿ, ಎರಡು ಮುಖಗಳಿಗೆ ರೇಷ್ಮೆ ಬಟ್ಟೆ ಹೊದಿಸಿ, ಜೇನುಗೂಡಿನಂತೆ ಒಂದಕ್ಕೊಂದನ್ನು ಜೋಡಿಸಿದನು. ಹೀಗೆ ಕಟ್ಟಿದಾಗ ಪಟ ಎಷ್ಟು ಬೆಳೆದರೂ ಭಾರ ಮತ್ತು ಮೇಲ್ಮೈ ಸಮನಾಗಿಯೇ ಬೆಳೆಯುತ್ತವೆ. ಇಂತಹ 3,393 ಗೂಡುಗಳ ಬೃಹತ್ ಪಟವೊಂದು 1907ರ ಡಿಸೆಂಬರ್ 6ರಂದು ಸರೋವರದ ಮೇಲೆ, ಹಡಗಿನ ಎಳೆತಕ್ಕೆ, ಸೆಲ್‌ಫ್ರಿಜ್ ಎಂಬ ಯುವಕನನ್ನು ಹೊತ್ತು ಐವತ್ತು ಮೀಟರಿನಷ್ಟು ಎತ್ತರಕ್ಕೆ ಏರಿತು. ಏಳು ನಿಮಿಷ ತೇಲಿ ನೀರಿಗಿಳಿದು ಮುರಿದುಹೋಯಿತು; ಯುವಕನು ಪಾರಾದನು.

ಆ ವರ್ಷದ ಅಕ್ಟೋಬರಿನಲ್ಲಿ ಬೆಲ್ ನಾಲ್ವರು ತರುಣರೊಡನೆ ಒಂದು ವಿಮಾನ ಪ್ರಯೋಗ ಸಂಘವನ್ನು ಕಟ್ಟಿದ್ದನು. ಅದನ್ನು ಸೂಚಿಸಿದವಳೂ ಹಣ ಒದಗಿಸಿದವಳೂ ಮೇಬಲ್. ಬಾಲ್ಡ್‌ವಿನ್, ಮೆಕರ್ಡಿ, ಕರ್ಟಿಸ್, ಸೆಲ್‌ಫ್ರಿಜ್ ಅದರ ಸದಸ್ಯರು. ಬೆಲ್ಲನಿಗೆ ಆಗ ಅರವತ್ತು ವರ್ಷ, ಅವನು ಜಗದ್ವಿಖ್ಯಾತ. ತನ್ನ ಗೂಡುಗೂಡಿನ ಪಟವನ್ನೇ ಎಲ್ಲರೂ ಕಟ್ಟಬೇಕೆಂದು ಅವನು ಆಜ್ಞಾಪಿಸಬಹುದಾಗಿತ್ತು. ಆದರೆ ತರುಣರ ಒಲವು ಎರಡಂತಸ್ತಿನ ರೆಕ್ಕೆಗಳ ವಿಮಾನದ ಕಡೆಗಿತ್ತು. ಬೆಲ್ ಅವರ ಮಾತಿಗೆ ಕಿವಿಗೊಟ್ಟನು. ಒಬ್ಬೊಬ್ಬರ ಯೋಜನೆಯಂತೆ ಒಂದೊಂದು ವಿಮಾನವನ್ನು ಎಲ್ಲರೂ ಸೇರಿ ಕಟ್ಟಬೇಕೆಂದು ಗೊತ್ತಾಯಿತು.

ಮೊದಲ ವಿಮಾನ 1908ರ ಮಾರ್ಚಿನಲ್ಲಿ ಹಾರಿ, ಕೆಲವೇ ದಿನಗಳಲ್ಲಿ ಪಕ್ಕಕ್ಕೆ ವಾಲಿ ಬಿದ್ದಿತು. ಬಿದ್ದದ್ದರಿಂದಲೇ ಅವರು ಕಲಿತರು; ಎರಡನೆಯ ವಿಮಾನದ ರೆಕ್ಕೆಯ ತುದಿಗಳಿಗೆ ಮೇಲೆ ಕೆಳಗೆ ಆಡುವ ಚಿಕ್ಕ ಫಲಕಗಳನ್ನು ಜೋಡಿಸಿದರು. ಮೂರನೆಯ ವಿಮಾನ ಜುಲೈ 4ರಂದು ಸಾರ್ವಜನಿಕರ ಮುಂದೆ ಒಂದು ಕಿಲೊಮೀಟರಿಗೂ ಹೆಚ್ಚು ದೂರ ಹಾರಿ ಬಹುಮಾನ ಗೆದ್ದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಆರ್ವಿಲ್ ರೈಟ್ ನಡೆಸುತ್ತಿದ್ದ ವಿಮಾನ ಬಿದ್ದು ಅದರಲ್ಲಿ ಕುಳಿತಿದ್ದ ಸೆಲ್‌ಫ್ರಿಜ್ ಮಡಿದನು. ದುಃಖವನ್ನು ನುಂಗಿಕೊಂಡು ಉಳಿದವರು ಕೆಲಸವನ್ನು ಮುಂದುವರಿಸಿದರು. 1909ರ ಫೆಬ್ರುವರಿ 23ರಂದು ಬ್ಯಾಡೆಕ್ಕಿನ ಹೆಪ್ಪುಗಟ್ಟಿದ ನೀರಿನ ಮೇಲಿಂದ ಮೆಕರ್ಡಿ ನಡೆಸಿದ ‘ಸಿಲ್ವರ್ ಡಾರ್ಟ್’ ವಿಮಾನ ಮೇಲೆದ್ದಿತು. ಕೆನಡಾದಲ್ಲಿ ನಡೆದ ಮೊದಲ ಯಂತ್ರಚಾಲಿತ ವಿಮಾನಯಾನ ಅದು. ಅದೇ ದಿನಗಳಲ್ಲಿ, ಅದೇ ಹಿಮದ ಮೇಲೆ, ಯಂತ್ರ ಜೋಡಿಸಿದ ಬೆಲ್ಲನ ಪಟ ನೆಲ ಬಿಟ್ಟು ಏಳಲಿಲ್ಲ. ಗಾಳಿಗೆ ಅದು ಒಡ್ಡುತ್ತಿದ್ದ ತಡೆ ಅತಿಯಾಗಿತ್ತು. ತಾನು ಪ್ರೀತಿಸಿದ ಕಲ್ಪನೆ ಸೋತಾಗಲೂ ಕಿರಿಯರ ಕಲ್ಪನೆ ಗೆಲ್ಲುವಂತೆ ನೆರವಾಗುವುದು ಸಾಮಾನ್ಯ ಸಾಧನೆಯಲ್ಲ. ದೂರವಾಣಿಗಿಂತಲೂ ಇದೇ ಬೆಲ್ಲನ ಹಿರಿಮೆ ಎಂದರೆ ತಪ್ಪಾಗದು.

ಇಂತಹ ಮನುಷ್ಯನೂ ಒಂದೆಡೆ ಕಿವಿ ಮುಚ್ಚಿಕೊಂಡನು. ಅದೂ ತಾನು ಅತಿ ಹೆಚ್ಚು ಪ್ರೀತಿಸಿದ ಕ್ಷೇತ್ರದಲ್ಲಿ! ಕಿವುಡರು ತಮ್ಮ ತಮ್ಮಲ್ಲಿ ಕೈ, ಮುಖ, ಮೈಗಳ ಚಲನೆಯಿಂದ ಮಾತನಾಡಿಕೊಳ್ಳುತ್ತಾರೆ. ಇದು ಸಂಜ್ಞಾಭಾಷೆ. ಶಾಲೆಗಳಲ್ಲಿ ಇದನ್ನು ಬಿಟ್ಟು, ತುಟಿಯ ಚಲನೆಯನ್ನು ಓದುವುದನ್ನೂ ಬಾಯಿಂದ ಮಾತನಾಡುವುದನ್ನೂ ಮಾತ್ರ ಕಲಿಸಬೇಕೆಂದು ಒಂದು ಪಕ್ಷದವರು ವಾದಿಸಿದರು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಶಿಕ್ಷಕರ ಸಮ್ಮೇಳನ ಈ ಪಕ್ಷವನ್ನೇ ಎತ್ತಿಹಿಡಿಯಿತು. ಅಮೆರಿಕದಲ್ಲಿ ಈ ವಾದಕ್ಕೆ ಅತ್ಯಂತ ಪ್ರಭಾವಶಾಲಿಯಾದ ಬೆಂಬಲ ಬೆಲ್ಲನದಾಗಿತ್ತು. 1883ರಲ್ಲಿ ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ಪ್ರಬಂಧದಲ್ಲಿ ಅವನು ಕಿವುಡರು ಕಿವುಡರನ್ನೇ ಮದುವೆಯಾಗುವುದು ಮುಂದಿನ ಪೀಳಿಗೆಗೆ ಹಾನಿಕರವೆಂದು ಆತಂಕಪಟ್ಟನು. ಅವರ ವಸತಿಶಾಲೆಗಳು, ಸಂಜ್ಞಾಭಾಷೆ, ಕಿವುಡ ಶಿಕ್ಷಕರು ಇವೆಲ್ಲ ಅವರನ್ನು ಸಮಾಜದಿಂದ ಬೇರೆಯಾಗಿಸುತ್ತವೆ ಎಂದನು.

ಇದರ ಪರಿಣಾಮವೇನಾಯಿತು? ಅನೇಕ ಶಾಲೆಗಳಲ್ಲಿ ಮಕ್ಕಳ ಕೈಗಳು ಮೌನವಾದವು. ಕಿವುಡ ಶಿಕ್ಷಕರಿಗೆ ಕೆಲಸ ತಪ್ಪಿತು. ಕೇಳಿಸದ ಧ್ವನಿಯನ್ನು ಉಚ್ಚರಿಸುವ ಅಭ್ಯಾಸದಲ್ಲೇ ವರ್ಷಗಳು ಕಳೆದು, ಗಣಿತ, ಚರಿತ್ರೆ, ವಿಜ್ಞಾನಗಳು ಹಿಂದೆ ಬಿದ್ದವು. ಕಿವುಡರು ಇದನ್ನು ಸುಮ್ಮನೆ ಸಹಿಸಲಿಲ್ಲ. ಅಮೆರಿಕದ ಕಿವುಡರ ಸಂಘ ತಮ್ಮ ಭಾಷೆ ಅಳಿಯಬಾರದೆಂದು ಸಂಜ್ಞಾಭಾಷೆಯ ಚಲನಚಿತ್ರಗಳನ್ನು ತೆಗೆಸಿತು. 1913ರಲ್ಲಿ ಜಾರ್ಜ್ ವೆಡಿಟ್ಜ್ ಎಂಬ ಕಿವುಡ ನಾಯಕನು ಕೈಗಳಿಂದಲೇ ಮಾಡಿದ ಭಾಷಣ ಇಂದಿಗೂ ಉಳಿದಿದೆ. 1960ರಲ್ಲಿ ವಿಲಿಯಂ ಸ್ಟೋಕೀ ಎಂಬ ವಿದ್ವಾಂಸನು ಸಂಜ್ಞಾಭಾಷೆಗೂ ತನ್ನದೇ ರಚನೆಯಿದೆ, ಅದು ಎಲ್ಲ ಭಾಷೆಗಳಂತೆ ಒಂದು ಭಾಷೆ ಎಂದು ತೋರಿಸಿದನು. 2010ರಲ್ಲಿ ವ್ಯಾಂಕೂವರ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಮಿಲಾನಿನ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ತಪ್ಪೆಂದು ಒಪ್ಪುವುದಕ್ಕೆ ನೂರಮೂವತ್ತು ವರ್ಷ ಹಿಡಿಯಿತು!

ಬೆಲ್ಲನ ಉದ್ದೇಶ ಕೆಟ್ಟದಾಗಿರಲಿಲ್ಲ. ಕಿವುಡರು ಎಲ್ಲರೊಡನೆ ಬೆರೆಯಲಿ ಎಂಬುದೇ ಅವನ ಹಂಬಲ. ಮೇಬಲ್ ತುಟಿಗಳನ್ನು ನೋಡಿಯೇ ಇತರರ ಮಾತನ್ನು ತಿಳಿಯುತ್ತಿದ್ದಳು, ತಾನೂ ಮಾತನಾಡುತ್ತಿದ್ದಳು. ಆದರೆ ಅವಳು ಮಾತು ಕಲಿತ ಮೇಲೆ ಕಿವಿ ಕಳೆದುಕೊಂಡವಳು. ಹುಟ್ಟಿನಿಂದಲೇ ಧ್ವನಿಯನ್ನು ಕೇಳದ ಮಗುವಿನ ಸ್ಥಿತಿ ಬೇರೆ. ಒಬ್ಬರಿಗೆ ಒದಗಿದ ದಾರಿ ಎಲ್ಲರಿಗೂ ಒದಗುವುದೆಂದು ತಿಳಿಯುವುದು ತರ್ಕದ ದೋಷ. ನಿಮಗೆ ಏನು ಬೇಕು ಎಂದು ಕಿವುಡರನ್ನೇ ಕೇಳಿ, ಅವರ ಉತ್ತರವನ್ನು ತರುಣ ಮಿತ್ರರ ಮಾತಿನಂತೆಯೇ ಮನ್ನಿಸಿದ್ದರೆ ಬೆಲ್ ಬೇರೆ ನಿರ್ಣಯಕ್ಕೆ ಬರುತ್ತಿದ್ದನೋ ಏನೋ. ಉಪಕಾರ ಮಾಡಬೇಕೆಂಬ ಇಚ್ಛೆಯೊಂದೇ ಸಾಲದು. ಉಪಕಾರ ಪಡೆಯುವವರ ಮಾತನ್ನು ಕೇಳುವ ವಿನಯವೂ ಬೇಕು. ಇದು ಯಂತ್ರ ಕಟ್ಟುವವರಿಗೂ ಸತ್ಯ, ಕಾನೂನು ಮಾಡುವವರಿಗೂ ಸತ್ಯ, ಮನೆಯ ಹಿರಿಯರಿಗೂ ಸತ್ಯ.

ಭಾರತದಲ್ಲಿ ಇಂದು ಪರಿಸ್ಥಿತಿ ಬದಲಾಗುತ್ತಿದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತು ಮತ್ತು ಶ್ರವಣದ ತೊಂದರೆಗಳಿಗೆ ನೆರವು ನೀಡುತ್ತ ಬಂದಿದೆ. ಹುಟ್ಟಿದ ಕೂಸಿನ ಶ್ರವಣಶಕ್ತಿಯನ್ನು ಪರೀಕ್ಷಿಸುವ ಉಪಕರಣಗಳಿವೆ, ಶ್ರವಣಸಾಧನಗಳಿವೆ, ಶಸ್ತ್ರಚಿಕಿತ್ಸೆಯಿಂದ ಅನುಕೂಲ ಪಡೆಯುವವರೂ ಇದ್ದಾರೆ. ಜೊತೆಗೆ 2015ರಲ್ಲಿ ಭಾರತೀಯ ಸಂಜ್ಞಾಭಾಷೆಗಾಗಿ ದೆಹಲಿಯಲ್ಲಿ ಒಂದು ಕೇಂದ್ರ ಆರಂಭವಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಂಜ್ಞೆಗಳನ್ನೂ ಸಂವಹನದ ಸಾಧನವೆಂದು ಗಣಿಸಿತು. ಸಾಧನ ಬೇಕೋ ಸಂಜ್ಞೆ ಬೇಕೋ ಎಂಬ ಜಗಳ ಅನಾವಶ್ಯಕ. ಮಗುವಿಗೆ ಯಾವುದು ಒದಗುವುದೋ ಅದು ಬೇಕು. ಎರಡೂ ಒದಗುವುದಾದರೆ ಎರಡೂ ಬೇಕು. ಆದರೆ ಭಾಷೆಯೇ ಇಲ್ಲದೆ ಬೆಳೆಯುವ ದುರ್ಗತಿ ಯಾವ ಮಗುವಿಗೂ ಬರಬಾರದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವುಗಳಂತಹ ಊರುಗಳ ಶಾಲೆಯಲ್ಲೂ ಕಿವಿ ಸರಿಯಾಗಿ ಕೇಳಿಸದ ವಿದ್ಯಾರ್ಥಿ ಇರಬಹುದು. ಕರೆದರೆ ತಿರುಗಿ ನೋಡದವನನ್ನು ಸೊಕ್ಕಿನವನೆಂದೂ, ತಡವಾಗಿ ಉತ್ತರಿಸುವವಳನ್ನು ದಡ್ಡಿಯೆಂದೂ ಹೀಯಾಳಿಸುವುದು ಸುಲಭ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಮುಖ ಕಾಣುವಂತೆ ನಿಂತು ನಿಧಾನವಾಗಿ ಮಾತನಾಡುವುದು, ಅವರ ಕೆಲವು ಸಂಜ್ಞೆಗಳನ್ನು ತಾವೂ ಕಲಿಯುವುದು ಇವಕ್ಕೆ ಹಣವೂ ಬೇಡ, ಯಂತ್ರವೂ ಬೇಡ. ತಾಯಿಯ ಹಣೆಯ ಬಳಿ ಬಾಗಿ ಮಾತನಾಡಿದ ಬಾಲಕನಿಗೆ ಇದ್ದ ಮನಸ್ಸು ಇದ್ದರೆ ಸಾಕು.

1922ರ ಆಗಸ್ಟ್ 2ರಂದು ಬೆಲ್ ತನ್ನ ಬ್ಯಾಡೆಕ್ಕಿನ ಮನೆಯಲ್ಲಿ ಕಣ್ಣುಮುಚ್ಚಿದನು. ಎರಡು ದಿನಗಳ ಬಳಿಕ ಅವನ ಅಂತ್ಯಕ್ರಿಯೆ ನಡೆದಾಗ ಉತ್ತರ ಅಮೆರಿಕದ ದೂರವಾಣಿಗಳೆಲ್ಲ ಒಂದು ನಿಮಿಷ ಮೌನವಾಗಿ ಗೌರವ ಸಲ್ಲಿಸಿದವು. ಅವನ ಸಾಧನೆಗೆ ಅದು ತಕ್ಕ ಮರ್ಯಾದೆ. ಆದರೆ ಮಹಾಪುರುಷರನ್ನು ಪೂಜಿಸಿ ಸುಮ್ಮನಾಗುವುದಕ್ಕಿಂತ ಅವರ ಗುಣವನ್ನು ಸ್ವೀಕರಿಸಿ, ದೋಷವನ್ನು ತಿದ್ದಿ ಮುಂದೆ ಸಾಗುವುದು ಮೇಲು. ದೂರದವರ ದನಿ ಕೇಳುವಂತೆ ಮಾಡಿದವನು ಬೆಲ್. ಹತ್ತಿರದಲ್ಲಿದ್ದೂ ದನಿಯಿಲ್ಲದವರ ಮಾತನ್ನು ಕೇಳುವ ಕೆಲಸ ಇಂದಿನ ತರುಣ ತರುಣಿಯರ ಪಾಲಿಗೆ ಉಳಿದಿದೆ.